ನಾಗರಿಕ ವಿವಾಹ ಬೇರೆ, ಚರ್ಚಿನ ಸಂಸ್ಕಾರ ಬೇರೆ
ಸಲಿಂಗ ವಿವಾಹಕ್ಕೆ ಕಾನೂನಿನ ಮಾನ್ಯತೆ ದೊರೆತರೆ ಪಾದ್ರಿಗಳು ಮನಸ್ಸಿಲ್ಲದಿದ್ದರೂ ಅಂಥ ಮದುವೆಗಳನ್ನು ನೆರವೇರಿಸಬೇಕಾದೀತು ಎಂದು ಈ ವಿಷಯದ ಲೇಖನವೊಂದರಲ್ಲಿ ಲೇಖಕರು ತೋಡಿಕೊಂಡಿರುವ ಆತಂಕಕ್ಕೆ ಇಂಗ್ಲೆಂಡಿನ ಅನುಭವದಲ್ಲಿ ಆಧಾರ ಕಾಣುವುದಿಲ್ಲ. ಅಲ್ಲಿನ 2013ರ ಕಾಯ್ದೆ ಯಾವ ಧಾರ್ಮಿಕ ಸಂಸ್ಥೆಯನ್ನೂ ಬಲವಂತಪಡಿಸುವುದಿಲ್ಲ. ಇಂಗ್ಲೆಂಡಿನ ಅಧಿಕೃತ ಚರ್ಚಾದ ಆಂಗ್ಲಿಕನ್ ಚರ್ಚಿನ ವಿಧಿಯಂತೆ ಸಲಿಂಗ ಜೋಡಿಗಳ ಮದುವೆ ನಡೆಸಲು ಅದು ಅವಕಾಶವನ್ನೇ ಕೊಟ್ಟಿಲ್ಲ. ರಿಜಿಸ್ಟ್ರಾರ್ ಎದುರು, ಇಬ್ಬರು ಸಾಕ್ಷಿಗಳ ಸಮ್ಮುಖದಲ್ಲಿ ಸಹಿ ಹಾಕುವ ಜೋಡಿಗೆ ಸಿಗುವುದು ಪಿಂಚಣಿ, ಉತ್ತರಾಧಿಕಾರದಂತಹ ಹಕ್ಕುಗಳೇ ಹೊರತು ಬಲಿಪೀಠದ ಆಶೀರ್ವಾದವಲ್ಲ. ಕ್ರೈಸ್ತರೆಲ್ಲರದೂ ಒಂದೇ ನಿಲುವು ಎಂಬಂತೆ ಲೇಖಕರು ಬರೆದಿರುವುದೂ ಸರಿಯಲ್ಲ. ಬ್ರಿಟನ್ನಿನ ಕ್ರೈಸ್ತ ಪಂಥಗಳಲ್ಲಿ ಕ್ವೇಕರರು 2009ರಲ್ಲೇ, ಮೆಥಡಿಸ್ಟರು 2021ರಲ್ಲಿ ಇಂಥ ವಿವಾಹಗಳನ್ನು ಒಪ್ಪಿಕೊಂಡರು. ಒಪ್ಪದ ಮೆಥಡಿಸ್ಟ್ ಪಾದ್ರಿಗೆ ನಿರಾಕರಿಸುವ ಸ್ವಾತಂತ್ರ್ಯವೂ ಉಳಿದಿದೆ. ವಿವಾಹವನ್ನು ಸಂಸ್ಕಾರವೆಂದು ಕಾಣುವ ಕ್ಯಾಥೊಲಿಕ್ ಚರ್ಚಿನ ವಿರೋಧ ನನಗೆ ಅರ್ಥವಾಗುತ್ತದೆ. ಆದರೆ ವಿಚ್ಛೇದಿತರ ಮರುಮದುವೆಯನ್ನೂ ಒಪ್ಪದ ಆ ಚರ್ಚು, ಅಂಥ ಮದುವೆಯನ್ನು ಸರ್ಕಾರ ನೋಂದಾಯಿಸಬಾರದೆಂದು ಇಂಗ್ಲೆಂಡಿನಲ್ಲಿ ಇಂದು ಪಟ್ಟು ಹಿಡಿದಂತೆ ಕಾಣುವುದಿಲ್ಲವಲ್ಲ.