ಎರಡನೆಯ ಡಿಸ್ಕಿನ ಕಥೆ

ಚಿತ್ರನಿರ್ದೇಶಕ ಪುಟ್ಟಣ್ಣ ಕಣಗಾಲರು ನಮ್ಮ ಮೈಸೂರು ಸೀಮೆಯವರೇ. ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲು ಅವರ ಊರು. ಹೀಗಿದ್ದ ಮೇಲೆ ಅವರ ಚಿತ್ರಗಳೆಲ್ಲ ಸಯ್ಯಾಜಿರಾವ್ ರಸ್ತೆಯ ಆಸುಪಾಸಿನಲ್ಲಿ ಸಲೀಸಾಗಿ ಸಿಗಬೇಕಲ್ಲವೇ? ಸಿನಿಮಾಗಳು ವಿಸಿಡಿ ಎಂಬ ಡಿಸ್ಕುಗಳಲ್ಲಿ ಮಾರಾಟವಾಗುತ್ತಿದ್ದ ಕಾಲದಲ್ಲಿ ಅಲ್ಲಿ ಏನನ್ನು ಕೇಳಿದರೂ ಕೈಗೆ ಬರುತ್ತಿದ್ದುದು 1971ರ 'ಶರಪಂಜರ' ಅಥವಾ ಮರುವರ್ಷದ 'ನಾಗರಹಾವು'. 'ಉಪಾಸನೆ' ಎಂದರೆ ಭಕ್ತಿಗೀತೆಗಳ ಕಪಾಟಿನತ್ತ ಬೆರಳು ತೋರಿಸುತ್ತಿದ್ದರು. 'ಕಪ್ಪು ಬಿಳುಪು' ಎಂದಾಗ, "ಅದ್ಯಾಕೆ ಸಾರ್, ಕಲರ್ ಇರೋದೇ ಕೊಡ್ತೀನಿ" ಎಂಬ ಔದಾರ್ಯ.

ಅಂತೂ 'ಕಥಾ ಸಂಗಮ' ಸಿಕ್ಕಿತು. 1976ರ ಈ ಚಿತ್ರದಲ್ಲಿ ಮೂರು ಬೇರೆ ಬೇರೆ ಕಥೆಗಳಿದ್ದು, ಕೊನೆಯದಾದ 'ಮುನಿತಾಯಿ'ಯಲ್ಲಿ ರಜನೀಕಾಂತ್ ಇದ್ದಾರೆ. ಅದು ಅವರ ಮೊದಲ ಕನ್ನಡ ಚಿತ್ರ. ಕವರಿನ ಮೇಲಾದರೋ ಅವರು ಎಷ್ಟೋ ವರ್ಷಗಳ ನಂತರದ ಠೀವಿಯಲ್ಲಿ, ಕಪ್ಪು ಕನ್ನಡಕ ಧರಿಸಿ ಮುಕ್ಕಾಲು ಭಾಗ ಆಕ್ರಮಿಸಿದ್ದರು. ಕತ್ತಲ ಬದುಕಿನ ಮುನಿತಾಯಿಯಾಗಿ ನಟಿಸಿದ ಆರತಿಯವರಿಗೆ ಅಂಚೆಚೀಟಿಯಷ್ಟು ಜಾಗ. ನಿರ್ದೇಶಕರ ಹೆಸರು ಬೆಲೆಯ ಚೀಟಿಯ ಅಡಿಯಲ್ಲಿ ಮುಚ್ಚಿಹೋಗಿತ್ತು.

ಮಂಡ್ಯದಿಂದ ಬಂದಿದ್ದ ಸೋದರತ್ತೆ ಮತ್ತು ರಜನಿಯ ಪರಮಭಕ್ತನಾದ ಅವರ ಮೊಮ್ಮಗ ಟೀವಿಯ ಮುಂದೆ ಕುಳಿತರು. ಮೊದಲ ಕಥೆ ಮುಗಿದರೂ ನಾಯಕನ ಸುಳಿವಿಲ್ಲದೆ ಹುಡುಗ ಚಡಪಡಿಸತೊಡಗಿದಾಗ ಅತ್ತೆ, "ತಾಳ್ಕೊಳ್ಳೋ, ಅವನು ಕೊನೇಗೆ ಬರೋದು" ಎಂದು ಗದರಿದರು. ಒಂದು ವಿಸಿಡಿಯಲ್ಲಿ ಹಿಡಿಸುವುದು ಹೆಚ್ಚುಕಡಿಮೆ 74 ನಿಮಿಷದ ಚಿತ್ರ ಮಾತ್ರವಾದ್ದರಿಂದ, ಪುಟ್ಟಣ್ಣನವರು ಎಲ್ಲಿ ವಿರಾಮವಿಟ್ಟಿದ್ದರೆಂಬುದನ್ನು ಲೆಕ್ಕಿಸದೆ ಎರಡನೆಯ ಕಥೆಯ ನಡುವೆ, ಪಾತ್ರವೊಂದು ಬಾಯಿ ತೆರೆದಾಗಲೇ ಮೊದಲ ಡಿಸ್ಕ್ ಮುಗಿಯಿತು. ಎರಡನೆಯದನ್ನು ಹಾಕಿದೆವು. ಕೊನೆಗೂ ರಜನಿ ಕಾಣಿಸಿಕೊಂಡರು. ಹುಡುಗ ಶಿಳ್ಳೆ ಹಾಕಿದ. ಮರುಕ್ಷಣದಲ್ಲಿ ಆ ಮುಖ ಚೌಕಚೌಕವಾಗಿ ಒಡೆದು ಹಾಗೆಯೇ ನಿಂತುಬಿಟ್ಟಿತು. ಪರದೆಯ ಕೆಳಗೆ ಹರಿಯುತ್ತಿದ್ದ ಕಂಪನಿಯ ದೂರವಾಣಿ ಸಂಖ್ಯೆಯೂ ಅರ್ಧಕ್ಕೆ ನಿಂತಿದ್ದರಿಂದ ದೂರು ಹೇಳಲೂ ದಾರಿಯಿರಲಿಲ್ಲ. ಡಿಸ್ಕನ್ನು ಪಂಚೆಯ ಅಂಚಿನಿಂದ ಒರೆಸಿದ್ದಾಯಿತು, ಪ್ಲೇಯರಿನ ನೆತ್ತಿಗೆ ಮೊಟಕಿದ್ದಾಯಿತು.

ಆಗ ಅತ್ತೆ ಉಳಿದ ಕಥೆಯನ್ನು ತಾವೇ ಹೇಳತೊಡಗಿದರು. ಥಿಯೇಟರಿನಲ್ಲಿ ನೋಡಿದ್ದ ನೆನಪು ಗಟ್ಟಿಯಾಗಿಯೇ ಇತ್ತು, ಆದರೆ ಎಲ್ಲ ಚಿತ್ರಗಳದ್ದೂ ಒಟ್ಟಿಗೆ ಇತ್ತು: ಮುನಿತಾಯಿಯ ಕಷ್ಟದಿಂದ ಹೊರಟ ಕಥೆ 'ನಾಗರಹಾವು' ಚಿತ್ರದೊಳಗೆ ನುಗ್ಗಿ, ಚಿತ್ರದುರ್ಗದ ಕೋಟೆ ಹತ್ತಿ, ಚಾಮಯ್ಯ ಮೇಷ್ಟ್ರನ್ನು ಭೇಟಿಮಾಡಿತು. ಮೇಷ್ಟ್ರು ಬಿದ್ದದ್ದು ರಜನಿಯ ಕೈಯಿಂದಲೇ ಎಂದು ಹುಡುಗ ಇಂದಿಗೂ ನಂಬಿದ್ದಾನೆ.

ಮರುದಿನ ಡಿಸ್ಕ್ ಹಿಂತಿರುಗಿಸಲು ಹೋದಾಗ ಅಂಗಡಿಯವರು ಅದನ್ನು ಬೆಳಕಿಗೆ ಹಿಡಿದು ನೋಡಿ, "ಇಂಥದ್ದನ್ನೆಲ್ಲ ಯಾರೂ ಕೇಳಲ್ಲ ಸಾರ್, ಇದ್ದಿದ್ದೇ ಒಂದು ಪೀಸು. ಬದಲಿಗೆ ಶರಪಂಜರ ತಗೊಂಡ್ಹೋಗಿ, ಕೊನೇವರೆಗೂ ಓಡುತ್ತೆ" ಎಂದರು. ನಮ್ಮ ಮನೆಯಲ್ಲಿ ಆಗಲೇ ಎರಡು 'ಶರಪಂಜರ'ಗಳಿದ್ದವು. ಅವುಗಳಲ್ಲಿ ಒಂದನ್ನು ನಾನು 'ಗೆಜ್ಜೆಪೂಜೆ'ಯ ಡಬ್ಬಿಯಲ್ಲಿ ಕೊಂಡಿದ್ದೆ.