ಕುಕ್ಕರಿನ ಮುಂದೆ ಧ್ಯಾನಸ್ಥರು

ಇವತ್ತೂ ಕಸದ ಆಟೋ ಹೊರಟುಹೋಯಿತು. ಹಸಿ ಕಸದ ಬಕೆಟ್ಟು ಗೇಟಿನಲ್ಲೇ ಕೂತಿದೆ, ಒಳಗೆ ನಿನ್ನೆ ಬಿಡಿಸಿದ ಹಲಸಿನ ಸಿಪ್ಪೆ. ಆಟೋದ ಹಾಡು ಬೀದಿಯ ಆ ತುದಿಯಲ್ಲಿ ಕೇಳಿದಾಗಲೇ ಬಕೆಟ್ಟನ್ನು ನಮ್ಮನೆಯವರ ಕೈಗೆ ಕೊಟ್ಟಿದ್ದೆ. ಅವರು ಗೇಟಿನೊಳಗೇ ನಿಂತು, ಕಣ್ಣು ಮುಚ್ಚಿ, “ಬೇಡದ್ದನ್ನು ಪ್ರೀತಿಯಿಂದ ಬೀಳ್ಕೊಡುತ್ತೇನೆ” ಎಂದು ಸಂಕಲ್ಪ ಮಾಡಿ ಕಣ್ಣು ಬಿಡುವಷ್ಟರಲ್ಲಿ ಆಟೋ ಪಕ್ಕದ ಕ್ರಾಸಿಗೆ ತಿರುಗಿತ್ತು. ಹಲಸು ಬೀಳ್ಕೊಡುಗೆಗೆ ಒಪ್ಪದೆ ಇಡೀ ಮನೆ ತುಂಬ ನಾರುತ್ತಿದೆ.

ಇದೆಲ್ಲ ಅವರ ಆಫೀಸಿನಲ್ಲಿ ನಡೆದ ಶಿಬಿರದ ಕೃಪೆ. ದೊಡ್ಡ ಗುರಿ ಬೇಡ, ದಿನವಿಡೀ ಸಣ್ಣ ಸಣ್ಣ ಕೆಲಸಕ್ಕೆ ಮುಂಚೆ ಒಂದೊಂದು ಸಣ್ಣ ಸಂಕಲ್ಪ ಸಾಕು ಅಂತ ಹೇಳಿಕೊಟ್ಟರಂತೆ. ಸಣ್ಣದು ಅಂದರೆ ಎಷ್ಟು ಸಣ್ಣದು ಅಂತ ಮಾತ್ರ ಹೇಳಿ ಕಳಿಸಲಿಲ್ಲ. ಹಲ್ಲುಜ್ಜಲು ಒಂದು, ಚಪ್ಪಲಿ ಮೆಟ್ಟಲು ಒಂದು, ಸ್ಕೂಟರಿಗೆ ಕಿಕ್ ಹೊಡೆಯಲು ಇನ್ನೊಂದು. ಸಿಗ್ನಲ್ಲಿನಲ್ಲಿ “ಈ ಕೆಂಪು ದೀಪ ನನಗೆ ಸಿಕ್ಕ ವಿರಾಮ” ಅಂತ ಉಸಿರೆಳೆದುಕೊಂಡು ಕೂತರೆ, ಹಸಿರು ಬಿದ್ದದ್ದನ್ನು ಹಿಂದಿನ ಬಿಎಂಟಿಸಿ ಬಸ್ಸೇ ಹಾರ್ನ್ ಹೊಡೆದು ತಿಳಿಸಬೇಕು.

ಸಂಕಲ್ಪವೇನು ನಮಗೆ ಹೊಸದೇ? ಗಣೇಶನ ಹಬ್ಬದ ದಿನ ಪುರೋಹಿತರು ಜಂಬೂದ್ವೀಪದಿಂದ ಹೊರಟು, ಭರತಖಂಡ ಹಾದು, ಗೋದಾವರಿಯ ದಕ್ಷಿಣ ತೀರ ಮುಟ್ಟುವಷ್ಟರಲ್ಲಿ ಕೂತವರ ಕಾಲು ಜೋಮು ಹಿಡಿದಿರುತ್ತದೆ. ಆದರೆ ಆಮೇಲೆ ಕಡುಬಾದರೂ ಸಿಗುತ್ತದಲ್ಲ!

ಎಲ್ಲಕ್ಕಿಂತ ಹೆಚ್ಚು ಹೊಟ್ಟೆ ಉರಿಸಿದ್ದು ಕುಕ್ಕರ್ ಪ್ರಸಂಗ. ವಿಯೆಟ್ನಾಮಿನ ಬೌದ್ಧ ಸನ್ಯಾಸಿ ಥಿಕ್ ನ್ಯಾಟ್ ಹಾನ್ 1982ರಲ್ಲಿ ಫ್ರಾನ್ಸಿನಲ್ಲಿ ಶುರುಮಾಡಿದ ಪ್ಲಮ್ ವಿಲೇಜ್ ಅನ್ನುವ ಆಶ್ರಮವಿದೆ. ಅಲ್ಲಿ ಗಂಟೆ ಬಾರಿಸಿದರೆ ಎಲ್ಲರೂ ಮಾಡುತ್ತಿದ್ದ ಕೆಲಸ ನಿಲ್ಲಿಸಿ ಉಸಿರನ್ನು ಗಮನಿಸುತ್ತಾರೆ. ಫೋನ್ ಬಂದರೂ ಮೊದಲು ಉಸಿರು, ಆಮೇಲೆ ಹಲೋ. ಚೆಂದದ ಪದ್ಧತಿ, ಫ್ರಾನ್ಸಿನಲ್ಲಿ ನಡೆಯುವತನಕ ನನ್ನ ತಕರಾರೇನೂ ಇಲ್ಲ. ನಮ್ಮನೆಯಲ್ಲಿ ಅಂಥ ಗಂಟೆ ಇಲ್ಲವೆಂದು ಇವರು ಕುಕ್ಕರಿನ ವಿಷಲನ್ನೇ ಹಿಡಿದುಕೊಂಡರು.

“ರೀ, ಬೇಳೆ ಇಟ್ಟಿದ್ದೀನಿ, ಮೂರು ವಿಷಲ್ ಆದ್ಮೇಲೆ ಆಫ್ ಮಾಡಿ” ಎಂದು ಸ್ನಾನಕ್ಕೆ ಹೋದೆ. ಬಚ್ಚಲಲ್ಲಿದ್ದ ನನಗೇ ನಾಲ್ಕು ಕೇಳಿತು. ಐದೂ ಕೇಳಿತು. ಕೂಗಿದೆ, ಉತ್ತರವಿಲ್ಲ. ತಲೆಗೆ ಟವೆಲ್ ಸುತ್ತಿಕೊಂಡು ಓಡಿಬಂದರೆ, ಇವರು ಗ್ಯಾಸಿನ ಮುಂದೆ ಎದೆಯ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ, ಮುಗುಳ್ನಗುತ್ತ ನಿಂತಿದ್ದಾರೆ. ವೆಯ್ಟು ಕುಣಿಯುತ್ತಿದೆ. ಅರಿಶಿನದ ನೀರು ಟೈಲ್ಸಿಗೆ ಚಿಮ್ಮಿ, ಬನಿಯನ್ನಿಗೂ ಚುಕ್ಕೆ ಇಟ್ಟಿದೆ.

“ಎಷ್ಟಾಯ್ತು?”

“ಎಣಿಸಬಾರದು ಕಣೇ. ಎಣಿಸಿದ್ರೆ ಮನಸ್ಸು ಮುಂದಿನ ವಿಷಲ್‌ಗೆ ಓಡುತ್ತೆ. ನಾನು ಈ ವಿಷಲ್‌ನಲ್ಲೇ ಇದ್ದೆ.”

“ನೀವು ಅಲ್ಲಿದ್ರಿ. ಬೇಳೆ ಎಲ್ಲಿದೆ?”

ಸ್ವಲ್ಪ ಯೋಚಿಸಿ ಅಂದರು, “ಎರಡನೇದು ಮಾತ್ರ ತುಂಬ ಆಳವಾಗಿತ್ತು.”

ಮುಚ್ಚಳ ತೆಗೆದರೆ, ತೊಗರಿಬೇಳೆ ತನ್ನ ಅಹಂಕಾರವನ್ನೆಲ್ಲ ಕಳೆದುಕೊಂಡು ತಳದಲ್ಲಿ ಐಕ್ಯವಾಗಿತ್ತು. ಮಧ್ಯಾಹ್ನ ಸೀದ ವಾಸನೆಯ ಸಾರು ಬಡಿಸಿದಾಗ, “ಕೃತಜ್ಞತೆಯಿಂದ ಉಣ್ಣುತ್ತೇನೆ” ಅಂದರು. ಬೇರೆ ದಾರಿಯೂ ಇರಲಿಲ್ಲ ಬಿಡಿ.

ನಮ್ಮಜ್ಜಿ ಅನ್ನಕ್ಕೆ ಅಕ್ಕಿ ಅಳೆದಾಗಲೆಲ್ಲ ಒಂದು ಮುಷ್ಟಿ ತೆಗೆದು ಪಕ್ಕದ ಡಬ್ಬಕ್ಕೆ ಹಾಕುತ್ತಿದ್ದಳು. ಡಬ್ಬ ತುಂಬಿದ ಮೇಲೆ ಅದು ಮಠಕ್ಕೆ. ಕಣ್ಣು ಮುಚ್ಚುತ್ತಿರಲಿಲ್ಲ, ಎದೆಗೆ ಕೈ ಒಯ್ಯುತ್ತಿರಲಿಲ್ಲ. ಅದೇ ಹೊತ್ತಿಗೆ ಸೊಸೆಯಂದಿರನ್ನು ಬೈಯುತ್ತಲೂ ಇರುತ್ತಿದ್ದಳು, ಕೈ ಮಾತ್ರ ಮರೆಯುತ್ತಿರಲಿಲ್ಲ. ಅವಳು ಹೋದಮೇಲೆ ಆ ಡಬ್ಬಕ್ಕೆ ಒಣಮೆಣಸಿನಕಾಯಿ ತುಂಬಿದವರು ನಾವೇ.

ಇವರಿಗೆ ಈಗ ಕಟ್ಟಪ್ಪಣೆ ಮಾಡಿದ್ದೇನೆ: ಅಡುಗೆಮನೆಯ ಹೊಸಿಲ ಒಳಗೆ ಸಂಕಲ್ಪ ನಿಷೇಧ. “ಆಗಲಿ” ಎಂದವರು ಹೊಸಿಲ ಮೇಲೆಯೇ ನಿಂತು ಕಣ್ಣು ಮುಚ್ಚಿದರು.

“ಮತ್ತೇನ್ರೀ?”

“ಇರು, ಇನ್ಮೇಲೆ ಒಳಗೆ ಸಂಕಲ್ಪ ಮಾಡಲ್ಲ ಅಂತ ಒಂದು ಮಾಡ್ಕೋತಿದೀನಿ.”