ಒಂದು ಹುಂಡಿ, ಆರು ಪ್ರಧಾನಿಗಳು

ಊಟ ಮುಗಿಯಿತು. ಮಾಣಿ ಚೆನ್ನಾಗಿ ನೋಡಿಕೊಂಡ. ಖುಷಿಯಾಗಿ ಹತ್ತು ಪೌಂಡು ಟಿಪ್ಸು ಕೊಟ್ಟಿರಿ. ಆ ದುಡ್ಡು ಯಾರದ್ದು? ಮಾಣಿಯದ್ದು ಅಂತ ಒಂದನೇ ಕ್ಲಾಸಿನ ಮಗುವೂ ಹೇಳುತ್ತದೆ, ಅಲ್ವಾ? ಇಷ್ಟನ್ನೇ ಹೇಳಲು ಬ್ರಿಟನ್ನಿಗೆ ಒಂಬತ್ತು ವರ್ಷ ಬೇಕಾಯಿತು.

2024ರ ಅಕ್ಟೋಬರ್ 1ರ ತನಕ ಅಲ್ಲಿನ ಲೆಕ್ಕವೇ ಬೇರೆ. ನೋಟನ್ನು ಮಾಣಿಯ ಕೈಗಿಟ್ಟರೆ ಅದು ಮಾಣಿಯದ್ದು. ಅದೇ ಹತ್ತು ಪೌಂಡನ್ನು ಕಾರ್ಡಿನಲ್ಲಿ ಉಜ್ಜಿದರೆ ಕಾನೂನಿನ ಕಣ್ಣಿಗೆ ಅದು ಧಣಿಯದ್ದು. ನಡುವೆ ಒಂದು ಮೆಷಿನ್ನು ಬಂದದ್ದೇ ತಡ, ದುಡ್ಡಿಗೆ ಅಪ್ಪನೇ ಬದಲು! ಮಾಣಿಗೆ ಪಾಲು ಕೊಡುವುದು, ಬಿಡುವುದು ಧಣಿಯ ಮನಸ್ಸಿಗೆ ಬಿಟ್ಟದ್ದು. ಕೆಲವು ದೊಡ್ಡ ರೆಸ್ಟೋರೆಂಟ್ ಸರಣಿಗಳು ಶೇ 8, ಶೇ 10 ಮುರಿದುಕೊಂಡು ಅದಕ್ಕೆ ‘ಆಡಳಿತ ಶುಲ್ಕ’ ಅಂತ ಹೆಸರಿಟ್ಟಿದ್ದವು. ಇನ್ನೊಬ್ಬರ ಜೇಬಿಗೆ ಕೈ ಹಾಕುವುದೂ ಕಷ್ಟದ ಕೆಲಸವೇ. ಅದಕ್ಕೂ ಕೂಲಿ ಬೇಡ್ವಾ?

2009ಕ್ಕೆ ಮುಂಚೆ ಇನ್ನೂ ಸೊಗಸಾಗಿತ್ತು. ಸಂಬಳದ ಜೊತೆ ಟಿಪ್ಸನ್ನು ಕೊಟ್ಟು, ಅದನ್ನೇ ಕನಿಷ್ಠ ವೇತನದ ಲೆಕ್ಕಕ್ಕೆ ಸೇರಿಸಿಬಿಡಬಹುದಿತ್ತು. ನೀವು ಮಾಣಿಗೆ ಅಂತ ಕೊಟ್ಟದ್ದು ಧಣಿಗೆ ಬಿದ್ದ ಟಿಪ್ಸು.

ಟಿಪ್ಸನ್ನು ಒಟ್ಟು ಹಾಕಿ ಹಂಚುವ ಪದ್ಧತಿಗೆ ಅಲ್ಲಿ ‘ಟ್ರಾಂಕ್’ ಅನ್ನುತ್ತಾರೆ. ಫ್ರೆಂಚ್ ಪದ, ಮೂಲದಲ್ಲಿ ಚರ್ಚಿನ ಕಾಣಿಕೆ ಡಬ್ಬಿ. ನಮ್ಮ ಹುಂಡಿಯೇ ಅನ್ನಿ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವ ಗಾದೆ ಫ್ರೆಂಚಿನಲ್ಲಿ ಇದೆಯೋ ಇಲ್ಲವೋ, ಹುಂಡಿಯಂತೂ ಇದೆ.

ಸರ್ಕಾರ 2015ರಲ್ಲಿ ಜನರ ಅಭಿಪ್ರಾಯ ಕೇಳಿತು. 2016ರಲ್ಲಿ ಮತ್ತೆ ಕೇಳಿತು, ಮೊದಲ ಸಲ ಸರಿಯಾಗಿ ಕೇಳಿಸಲಿಲ್ಲವೇನೋ. 2018ರಲ್ಲಿ ಕಾನೂನು ಮಾಡುತ್ತೇವೆ ಅಂದಿತು. 2021ರಲ್ಲಿ ಖಂಡಿತ ಮಾಡುತ್ತೇವೆ ಅಂದಿತು. ಕೊನೆಗೆ ಮಸೂದೆ ತಂದದ್ದು ಸರ್ಕಾರವಲ್ಲ, ಮಂತ್ರಿಗಿರಿಯಿಲ್ಲದೆ ಹಿಂದಿನ ಬೆಂಚಿನಲ್ಲಿ ಕೂರುವ ಸಂಸದರು. 2023ರ ಮೇ 2ರಂದು ರಾಜರ ಅಂಕಿತ ಬಿತ್ತು. ಜಾರಿಗೆ ಮೊದಲು 2024ರ ಜುಲೈ ಅಂದರು, ಆಮೇಲೆ ಅಕ್ಟೋಬರ್ ಅಂದರು. ಅಷ್ಟರಲ್ಲಿ ಆರು ಪ್ರಧಾನಿಗಳು. ಕ್ಯಾಮರೂನ್ ಕಾಲದಲ್ಲಿ ಕೇಳಿದ ಚಿಲ್ಲರೆ ಸ್ಟಾರ್ಮರ್ ಕಾಲದಲ್ಲಿ ಬಂತು. ಇಷ್ಟು ನಿಧಾನ ಸರ್ವಿಸ್ಸಿಗೆ ಮಾಣಿಯಾಗಿದ್ದರೆ ಯಾರು ಟಿಪ್ಸು ಕೊಡುತ್ತಿದ್ದರು?

ಈಗ ತೆರಿಗೆ ಬಿಟ್ಟರೆ ಒಂದು ಪೆನ್ನಿಯನ್ನೂ ಮುರಿಯುವಂತಿಲ್ಲ. ಬಿಲ್ಲಿಗೆ ಅಂಟಿಸುವ ಸರ್ವಿಸ್ ಚಾರ್ಜ್‌ಗೂ ಇದೇ ಮಾತು. ಆದರೆ ಬುದ್ಧಿ ಯಾರಪ್ಪನ ಸ್ವತ್ತು? ಕಾನೂನು ಜಾರಿಯಾಗುವ ಮೊದಲೇ ಲಂಡನ್ನಿನ ಒಂದು ಸರಣಿ ಸರ್ವಿಸ್ ಚಾರ್ಜ್ ಕಿತ್ತುಹಾಕಿ ‘ಬ್ರ್ಯಾಂಡ್ ಚಾರ್ಜ್’ ಹಾಕಿತು. ಸಂಬಳ ಏರಿಸಿದ್ದೇವಲ್ಲ ಅಂತಲೂ ಹೇಳಿತು. ಬಡಿಸಿದ ಕೈ ಮಾಣಿಯದ್ದು, ಬೋರ್ಡು ಧಣಿಯದ್ದು. ಇನ್ನು ಬೋರ್ಡಿಗೇ ಟಿಪ್ಸು.

ಅಂದಹಾಗೆ ಈ ಕಾನೂನು ಉತ್ತರ ಐರ್ಲೆಂಡಿಗೆ ಇಲ್ಲ. ಕಡಲು ದಾಟುವಾಗ ಮಾಣಿ ತನ್ನ ಹಕ್ಕನ್ನು ದಡದಲ್ಲೇ ಬಿಚ್ಚಿಟ್ಟು ಹೋಗಬೇಕು.

ಉಳಿದವರಿಗೂ ಅವಸರ ಬೇಡ. ಈ ತಿಂಗಳ ಟಿಪ್ಸನ್ನು ಮುಂದಿನ ತಿಂಗಳ ಕೊನೆಯೊಳಗೆ ಕೊಟ್ಟರೆ ಸಾಕು. ಅಕ್ಟೋಬರ್ 1ರಂದು ನೀವು ಮೆಚ್ಚಿದ ನಗುವಿನ ಬೆಲೆ ನವೆಂಬರ್ 30ಕ್ಕೆ ಬಂದೀತು. ಅಲ್ಲಿಯ ತನಕ ಅವನು ಸುಮ್ನೆ ನಗುತ್ತಿರಬೇಕು. ಅನುಮಾನ ಬಂದರೆ ಲೆಕ್ಕ ಕೇಳಬಹುದು, ಬರವಣಿಗೆಯಲ್ಲಿ, ಮೂರು ತಿಂಗಳಿಗೊಮ್ಮೆ. ಹಂಚಿಕೆ ‘ನ್ಯಾಯವಾಗಿ’ ಇರಬೇಕಂತೆ. ಸಮವಾಗಿಯೇ ಇರಬೇಕು ಅಂತೇನಿಲ್ಲ. ಹೇಗೆ ಹಂಚುತ್ತೇವೆ ಅನ್ನುವ ನೀತಿಯನ್ನು ಧಣಿ ಬರೆದಿಡಬೇಕು.

ಧಣಿ ಈಗ ಅದನ್ನೇ ಬರೆಯುತ್ತ ಕೂತಿದ್ದಾರೆ. ಮೂರನೇ ಪುಟಕ್ಕೆ ಸುಸ್ತಾಗಿ ಒಂದು ಕಾಫಿ ಕೇಳಿದರು. ಮಾಣಿ ಓಡಿಹೋಗಿ ತಂದುಕೊಟ್ಟ. ಆ ಕಾಫಿಗೆ ಟಿಪ್ಸಿಲ್ಲ.